ಕೋಪ ತೋರದ ಹುಡುಗ ಒಳ್ಳೆಯ ಹುಡುಗನೇ? ಭಾವನೆಗಳ ನಿರ್ವಹಣೆ, ನಡತೆ ಮತ್ತು ಮನಸ್ಸಿನ ಸ್ವಾಸ್ಥ್ಯ

ಹಾರಂಗಿ ದಂಡೆ (ಪ್ರೌಢಶಾಲಾ ಶಿಕ್ಷಕಿ) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಸುಂಟಿಕೊಪ್ಪ ಭಾಗದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಬೋಧಿಸುತ್ತೇನೆ. ವಾರಕ್ಕೊಂದು ಮೌಲ್ಯಶಿಕ್ಷಣದ ಅವಧಿಯನ್ನೂ ನನಗೇ ವಹಿಸಿದ್ದಾರೆ. ಸಣ್ಣ ಹಿಡುವಳಿದಾರರ ಮಕ್ಕಳು, ಲೈನ್ ಮನೆಗಳಿಂದ ಬರುವ ತೋಟ ಕಾರ್ಮಿಕರ ಮಕ್ಕಳು, ಪೇಟೆಯ ಅಂಗಡಿಯವರ ಮಕ್ಕಳು, ಅಸ್ಸಾಮಿನಿಂದ ಕೆಲಸಕ್ಕೆ ಬಂದ ಕುಟುಂಬಗಳ, ಈಗಷ್ಟೇ ಕನ್ನಡಕ್ಕೆ ನಾಲಿಗೆ ಹೊರಳಿಸುತ್ತಿರುವ ಮಕ್ಕಳು, ಎಲ್ಲರೂ ಒಂದೇ ಕೊಠಡಿಯಲ್ಲಿ ಕೂರುತ್ತಾರೆ. ಹೀಗಾಗಿ ಜಗಳದ ಕಾರಣಗಳಿಗೂ ಕೊರತೆಯಿಲ್ಲ, ಮೌಲ್ಯದ ಮಾತಿನ ಅವಕಾಶಗಳಿಗೂ ಕೊರತೆಯಿಲ್ಲ.

ನನ್ನ ಗೊಂದಲ ಇದು. ಕೋಪವನ್ನು ಗೆದ್ದವನು ಸಜ್ಜನ, ಮನಸ್ಸನ್ನು ಹಿಡಿತದಲ್ಲಿಟ್ಟುಕೊಂಡವನಿಗೆ ನೆಮ್ಮದಿ ತಾನಾಗಿ ಒಲಿಯುತ್ತದೆ ಎಂದು ನಾವು ಹೇಳುತ್ತಲೇ ಬಂದಿದ್ದೇವೆ. ಅರಿಷಡ್ವರ್ಗಗಳ ಪಾಠ ಹೇಳುವುದೂ ಅದನ್ನೇ. ತರಗತಿಯಲ್ಲಿ ಕಾಣುವುದು ಮಾತ್ರ ಬೇರೆ. ಜೊತೆಯವನ ಉಚ್ಚಾರವನ್ನು ಯಾರಾದರೂ ಅಣಕಿಸಿದರೆ ಮುಖ ಕೆಂಪೇರಿ, ದನಿ ನಡುಗಿ, ಮುಷ್ಟಿ ಬಿಗಿದು ನಿಲ್ಲುವ ಒಬ್ಬ ಹುಡುಗನಿದ್ದಾನೆ. ಆ ಅಣಕವನ್ನು ಹಿಂದೆ ನಿಂತು ಏರ್ಪಡಿಸುವ, ಸಿಕ್ಕಿಬಿದ್ದಾಗಲೂ ದನಿ ಏರಿಸದೆ ತಣ್ಣಗೆ ಉತ್ತರಿಸುವ ಇನ್ನೊಬ್ಬನಿದ್ದಾನೆ. ಶಿಕ್ಷಕರ ಕೊಠಡಿಯಲ್ಲಿ ಮೊದಲನೆಯವನಿಗೆ ಮುಂಗೋಪಿಯೆಂಬ ಹೆಸರು, ಎರಡನೆಯವನಿಗೆ ಸಭ್ಯನೆಂಬ ಹೆಸರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಭಾವನೆಗಳನ್ನು ನಿಭಾಯಿಸುವ ಶಕ್ತಿಗೂ ಒಳ್ಳೆಯ ನಡತೆಗೂ ನಿಜವಾಗಿ ಸಂಬಂಧವಿದೆಯೇ? ಇದ್ದರೆ ಎರಡನೆಯ ಹುಡುಗನನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಮನಸ್ಸಿನ ಆರೋಗ್ಯದ ದೃಷ್ಟಿಯಿಂದ ಕೋಪವನ್ನು ನುಂಗಿಕೋ ಎನ್ನುವುದು ಸರಿಯೇ, ಹೊರಹಾಕು ಎನ್ನುವುದು ಸರಿಯೇ? ನೀತಿಬೋಧೆಯ ಉತ್ತರ ನನಗೆ ಗೊತ್ತಿದೆ. ಈ ವಿಷಯವನ್ನು ಓದಿದವರ, ಜನರ ನಡುವೆ ಕೆಲಸ ಮಾಡಿದವರ ಉತ್ತರ ಬೇಕಾಗಿದೆ.

ಸ್ಟುವರ್ಟ್ ಹಿಲ್ (ಆಪ್ತಸಮಾಲೋಚಕ, ಮಡಿಕೇರಿ)

ಮೇಡಂ, ನಿಮ್ಮ ಎರಡನೆಯ ಹುಡುಗನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಪ್ರಶ್ನೆಯ ಗಂಟು ಇರುವುದು ಅವನಲ್ಲಿ.

ಭಾವನೆ ನೀತಿಯ ಶತ್ರು, ವಿವೇಕ ಅದರ ಕಾವಲುಗಾರ ಎಂಬ ಹಳೆಯ ತಿಳಿವಳಿಕೆ ಕಳೆದ ಮೂರು ದಶಕಗಳ ಸಂಶೋಧನೆಯ ಮುಂದೆ ಹಾಗೆಯೇ ನಿಂತಿಲ್ಲ. ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ ಅವರು ಹಣೆಯ ಹಿಂದಿರುವ ಮಿದುಳಿನ ಒಳಕೆಳಭಾಗಕ್ಕೆ ಹಾನಿಯಾದ ರೋಗಿಗಳನ್ನು ಅಧ್ಯಯನ ಮಾಡಿದಾಗ, ಅವರ ಬುದ್ಧಿ, ನೆನಪು, ಮಾತು ಎಲ್ಲವೂ ಸರಿಯಾಗಿಯೇ ಇದ್ದವು. ಯಾವುದು ಸರಿ, ಯಾವುದು ತಪ್ಪು ಎಂದು ಕೇಳಿದರೆ ಹೇಳಬಲ್ಲವರೂ ಆಗಿದ್ದರು. ಆದರೆ ಭಾವನೆಯ ಸ್ಪಂದನ ಕುಂದಿದ್ದರಿಂದ ಬದುಕಿನ ನಿರ್ಧಾರಗಳಲ್ಲಿ ಪದೇ ಪದೇ ಎಡವುತ್ತಿದ್ದರು. 2001ರಲ್ಲಿ ಜೋಶುವಾ ಗ್ರೀನ್ ಮತ್ತು ಸಂಗಡಿಗರು ನೈತಿಕ ಇಕ್ಕಟ್ಟುಗಳನ್ನು ಯೋಚಿಸುತ್ತಿರುವವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಐವರನ್ನು ಉಳಿಸಲು ಒಬ್ಬನನ್ನು ಸ್ವಂತ ಕೈಯಿಂದ ನೂಕಬೇಕು ಎಂಬಂತಹ ಸಂದರ್ಭಗಳಲ್ಲಿ ಭಾವನೆಗೆ ಸಂಬಂಧಿಸಿದ ಭಾಗಗಳು ಹೆಚ್ಚು ಚುರುಕಾಗುವುದು ಕಂಡುಬಂತು. ಇನ್ನೊಬ್ಬರಿಗೆ ನೋವಾಗುವುದನ್ನು ನೋಡಿ ಏನೂ ಅನ್ನಿಸದವನಿಗೆ ಅದನ್ನು ನಿಲ್ಲಿಸಬೇಕೆಂಬ ಒತ್ತಡವೇ ಹುಟ್ಟುವುದಿಲ್ಲ. ನಿಮ್ಮ ಎರಡನೆಯ ಹುಡುಗ ಕೋಪವನ್ನು ಗೆದ್ದಿದ್ದಾನೆಂದು ಹೇಳುವ ಮೊದಲು, ಗೆಲ್ಲಬೇಕಾದದ್ದೇನಾದರೂ ಆ ಹೊತ್ತಿನಲ್ಲಿ ಅವನೊಳಗೆ ಇತ್ತೇ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಹಾಗೆಂದು ನಿರ್ವಹಣೆಗೂ ನಡತೆಗೂ ಸಂಬಂಧವಿಲ್ಲವೆಂದಲ್ಲ. ಮಕ್ಕಳ ಬಗ್ಗೆ ದೀರ್ಘಕಾಲ ಕೆಲಸ ಮಾಡಿದ ನ್ಯಾನ್ಸಿ ಐಸೆನ್‌ಬರ್ಗ್ ಅವರು ಒಂದು ಮುಖ್ಯ ವ್ಯತ್ಯಾಸವನ್ನು ಗುರುತಿಸಿದ್ದಾರೆ. ಇನ್ನೊಂದು ಮಗು ಅಳುವುದನ್ನು ಕಂಡಾಗ ಕೆಲವು ಮಕ್ಕಳಿಗೆ ಆ ಮಗುವಿನ ಮೇಲೆ ಮರುಕ ಹುಟ್ಟುತ್ತದೆ. ಕೆಲವರಿಗೆ ತಮ್ಮದೇ ಸಂಕಟ ಉಕ್ಕಿ, ಅಲ್ಲಿಂದ ಓಡಿಹೋದರೆ ಸಾಕೆನಿಸುತ್ತದೆ. ತಮ್ಮ ಭಾವನೆಯ ತೀವ್ರತೆಯನ್ನು ಹದಕ್ಕೆ ತರಬಲ್ಲ ಮಕ್ಕಳು ಸಾಮಾನ್ಯವಾಗಿ ಮೊದಲ ಗುಂಪಿಗೆ ಸೇರುತ್ತಾರೆ ಮತ್ತು ಸಹಾಯಕ್ಕೆ ಮುಂದಾಗುತ್ತಾರೆ. ಅಂದರೆ ಭಾವನೆಯೂ ಬೇಕು, ಅದು ನಮ್ಮನ್ನು ಮುಳುಗಿಸದಂತೆ ನೋಡಿಕೊಳ್ಳುವ ಶಕ್ತಿಯೂ ಬೇಕು.

ಇನ್ನು ನುಂಗುವುದೋ ಹೊರಹಾಕುವುದೋ ಎಂಬ ಪ್ರಶ್ನೆ. ಮನಶ್ಶಾಸ್ತ್ರಜ್ಞ ಜೇಮ್ಸ್ ಗ್ರಾಸ್ ಅವರು 1998ರಲ್ಲಿ ಮಂಡಿಸಿದ ಮಾದರಿ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಭಾವನೆ ಒಮ್ಮೆಗೇ ಸಿಡಿಯುವುದಿಲ್ಲ, ಹಂತ ಹಂತವಾಗಿ ಬೆಳೆಯುತ್ತದೆ. ಪ್ರತಿ ಹಂತದಲ್ಲೂ ಕೈಹಾಕಲು ಅವಕಾಶವಿರುತ್ತದೆ ಎನ್ನುವುದು ಅದರ ಸಾರ. ಅಣಕಿಸುವ ಗುಂಪು ನಿಲ್ಲುವ ಬಸ್ ನಿಲ್ದಾಣದ ಕಡೆಗೆ ಹೋಗದಿರಬಹುದು. ಹೋಗಲೇಬೇಕಾದರೆ ಇನ್ನಿಬ್ಬರನ್ನು ಜೊತೆಗೆ ಕರೆದುಕೊಂಡು ಸನ್ನಿವೇಶವನ್ನೇ ಬದಲಿಸಬಹುದು. ಗಮನವನ್ನು ಬೇರೆಡೆಗೆ ಹೊರಳಿಸಬಹುದು. ಆ ಮಾತಿನ ಅರ್ಥವನ್ನು ಬೇರೆ ಬಗೆಯಲ್ಲಿ ಯೋಚಿಸಬಹುದು. ಇವೆಲ್ಲ ಕೈತಪ್ಪಿ ಕೋಪ ಪೂರ್ತಿ ಬಂದುಬಿಟ್ಟ ಮೇಲೆ ಅದು ಮುಖದಲ್ಲಿ ಕಾಣದಂತೆ ಅದುಮಿಡಬಹುದು. ನಮ್ಮ ಮೌಲ್ಯಶಿಕ್ಷಣ ಕಲಿಸುವುದು ಬಹುಮಟ್ಟಿಗೆ ಕೊನೆಯದನ್ನು ಮಾತ್ರ, ಅದೇ ಎಲ್ಲಕ್ಕಿಂತ ದುಬಾರಿಯಾದದ್ದು. ಗ್ರಾಸ್ ಮತ್ತು ರಾಬರ್ಟ್ ಲೆವೆನ್‌ಸನ್ ಅವರು 1990ರ ದಶಕದಲ್ಲಿ ಜುಗುಪ್ಸೆ ಹುಟ್ಟಿಸುವ ದೃಶ್ಯಗಳನ್ನು ತೋರಿಸಿ, ಕೆಲವರಿಗೆ ಮುಖದಲ್ಲಿ ಏನೂ ತೋರಗೊಡಬಾರದೆಂದು ಸೂಚಿಸಿದ್ದರು. ಅವರ ಮುಖವೇನೋ ಶಾಂತವಾಗಿತ್ತು. ಒಳಗಿನ ಅನುಭವ ಕಡಿಮೆಯಾಗಿರಲಿಲ್ಲ. ದೇಹದ ಉದ್ವೇಗದ ಕೆಲವು ಲಕ್ಷಣಗಳು ಹೆಚ್ಚೇ ಆಗಿದ್ದವು. ಗ್ರಾಸ್ ಮತ್ತು ಆಲಿವರ್ ಜಾನ್ ಅವರ 2003ರ ಅಧ್ಯಯನಗಳಲ್ಲಿ, ಘಟನೆಯ ಅರ್ಥವನ್ನು ಮರುಚಿಂತಿಸುವ ರೂಢಿಯವರಲ್ಲಿ ನೆಮ್ಮದಿಯೂ ಆಪ್ತ ಸಂಬಂಧಗಳೂ ಹೆಚ್ಚಾಗಿ, ಅದುಮಿಡುವ ರೂಢಿಯವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚಾಗಿ ಕಂಡುಬಂದವು.

ಹಾಗಾದರೆ ಹೊರಹಾಕಿಬಿಡಬೇಕೇ? ಕುಕ್ಕರಿನ ಆವಿಯಂತೆ ಕೋಪಕ್ಕೂ ಸೀಟಿ ಹೊಡೆಸಿದರೆ ಇಳಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಬ್ರಾಡ್ ಬುಶ್ಮನ್ ಅವರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ಕೆರಳಿಸಿದವನನ್ನು ನೆನೆಯುತ್ತ ಗುದ್ದುಚೀಲಕ್ಕೆ ಗುದ್ದಿದವರು, ಸುಮ್ಮನೆ ಕುಳಿತವರಿಗಿಂತ ಹೆಚ್ಚು ಕೋಪಗೊಂಡಿದ್ದರು ಮತ್ತು ಹೆಚ್ಚು ಆಕ್ರಮಣಕಾರಿಯಾಗಿದ್ದರು. ಕೋಪವನ್ನು ಆಡಿ ತೋರಿಸುವುದೆಂದರೆ ಅದನ್ನು ಅಭ್ಯಾಸ ಮಾಡುವುದೇ ಆಗುತ್ತದೆ. ಒಳಗೊಳಗೇ ಅದನ್ನು ಮೆಲುಕು ಹಾಕುತ್ತಿರುವುದೂ ಒಳ್ಳೆಯದಲ್ಲ. ಅಂತಹ ಕೊರಗು ಖಿನ್ನತೆಯನ್ನು ದೀರ್ಘಗೊಳಿಸುತ್ತದೆಂದು ಸೂಸನ್ ನೋಲನ್-ಹೋಕ್ಸೆಮಾ ಅವರ ಸಂಶೋಧನೆ ತೋರಿಸಿದೆ.

ಕೊನೆಯದಾಗಿ, ಬಹುಶಃ ನಿಮಗೆ ಇಷ್ಟವಾಗದ ಒಂದು ಸಂಗತಿ. ಡ್ಯಾರಿಲ್ ಕ್ಯಾಮೆರಾನ್ ಮತ್ತು ಕೀತ್ ಪೇನ್ 2011ರಲ್ಲಿ ತೋರಿಸಿದಂತೆ, ಸಂಕಷ್ಟದಲ್ಲಿರುವವರ ಸಂಖ್ಯೆ ಹೆಚ್ಚಾದಷ್ಟೂ ನಮ್ಮ ಮರುಕ ಕಡಿಮೆಯಾಗುತ್ತದೆ, ಮತ್ತು ಈ ಇಳಿತ ಎದ್ದು ಕಾಣುವುದು ಭಾವನೆಗಳನ್ನು ಚೆನ್ನಾಗಿ ನಿಭಾಯಿಸಬಲ್ಲವರಲ್ಲಿ. ಸಹಾಯದ ಹೊರೆ ತಮ್ಮ ಮೇಲೆ ಬೀಳಬಹುದೆಂದು ಅವರ ಮನಸ್ಸು ಮೊದಲೇ ಕದ ಮುಚ್ಚಿಕೊಳ್ಳುತ್ತದೆ. ನಿರ್ವಹಣೆ ಒಂದು ಕೌಶಲ. ಅದನ್ನು ಹೊಣೆ ಹೊರುವುದಕ್ಕೂ ಬಳಸಬಹುದು, ಹೊಣೆಯಿಂದ ಜಾರಿಕೊಳ್ಳುವುದಕ್ಕೂ ಬಳಸಬಹುದು.

ಅಮ್ಮತ್ತಿ ಬೆಳೆಗಾರ

ಟೀಚರ್, ಸಮಾಲೋಚಕರು ವಿದ್ವತ್ತಿನಿಂದ ಬರೆದಿದ್ದಾರೆ, ಗೌರವವಿದೆ. ಆದರೆ ಕೋಪಕ್ಕೆ ಇಷ್ಟು ಮಟ್ಟಿಗೆ ವಕಾಲತ್ತು ವಹಿಸುವುದು ನಮ್ಮ ಜಿಲ್ಲೆಯಲ್ಲಿ ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ.

ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿಯ) ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ವಿನಾಯಿತಿ ಇರುವುದು ಎಲ್ಲರಿಗೂ ತಿಳಿದ ವಿಚಾರ. ಕೋವಿ ನಮಗೆ ಆಯುಧಗಳ ಹಬ್ಬವಾದ ಕೈಲ್ ಪೊಳ್ದಿನಂದು ಪೂಜೆಗೊಳ್ಳುವ ವಸ್ತು, ಸುಗ್ಗಿಯ ಹಬ್ಬವಾದ ಪುತ್ತರಿಯಂದು ಕದಿರು ತೆಗೆಯುವಾಗ ಗುಂಡು ಹಾರಿಸಿ ಸಂಭ್ರಮಿಸುವ ವಸ್ತು. ಗೋಡೆಯ ಮೇಲೆ ಕೋವಿ, ಕಪಾಟಿನಲ್ಲಿ ಬಾಟಲಿ ಇರುವ ಮನೆಯಲ್ಲಿ ಗಡಿಬೇಲಿಯ ಜಗಳವೊಂದು ಕೈಮೀರಿದರೆ, ಅದು ನ್ಯಾಯವಾದ ಕೋಪವೋ ಅನ್ಯಾಯದ ಕೋಪವೋ ಎಂದು ವಿಂಗಡಿಸುವ ಪುರುಸೊತ್ತು ಯಾರಿಗೂ ಸಿಗುವುದಿಲ್ಲ. ಇಂತಹ ಕಡೆ ಹತ್ತು ಉಸಿರು ಎಣಿಸು, ಎದ್ದು ಅಂಗಳಕ್ಕೆ ಹೋಗು ಎಂಬ ಪಾಠವೇ ಮೊದಲನೆಯ ನೀತಿಪಾಠ. ಉಳಿದ ತತ್ತ್ವವನ್ನು ಆಮೇಲೆ ಕಲಿಸಬಹುದು.

ಬೆಳೆಗಾರನ ಬದುಕೇ ತಾಳ್ಮೆಯ ಪರೀಕ್ಷೆ. ಕಾಫಿಯ ಹೂ ಅರಳಿಸಲು ಮಾರ್ಚಿನಲ್ಲಿ ಬರಬೇಕಾದ ಹೂಮಳೆ ಬರುವುದಿಲ್ಲ, ಕೊಯ್ಲಿನ ಹೊತ್ತಿಗೆ ಬೇಡದ ಮಳೆ ಬಂದು ಕಣದಲ್ಲಿ ಹರವಿದ ಕಾಫಿ ನೆನೆಯುತ್ತದೆ, ಹಲಸು ಹಣ್ಣಾಗುವ ಕಾಲಕ್ಕೆ ಆನೆ ಬಂದು ಗಿಡಗಳನ್ನು ತುಳಿಯುತ್ತದೆ. ದರ ನಿರ್ಧಾರವಾಗುವುದು ಲಂಡನ್ ಮತ್ತು ನ್ಯೂಯಾರ್ಕಿನ ಮಾರುಕಟ್ಟೆಗಳಲ್ಲಿ. ಇದಕ್ಕೆಲ್ಲ ರೇಗಿದರೆ ರಕ್ತದೊತ್ತಡ ಏರುತ್ತದೆಯೇ ಹೊರತು ಮಳೆ ನಿಲ್ಲುವುದಿಲ್ಲ. ಕೋಪದಲ್ಲಿ ಲೆಕ್ಕ ನೋಡಬಾರದು, ಕೋಪದಲ್ಲಿ ಬಟವಾಡೆ ಮಾಡಬಾರದು ಎಂದು ನಮ್ಮ ಹಿರಿಯರು ನಿಯಮ ಇಟ್ಟುಕೊಂಡಿದ್ದರು, ನಾನೂ ಇಟ್ಟುಕೊಂಡಿದ್ದೇನೆ. ಕೂಲಿ, ತೂಕ ಎಂದು ಯಾರಾದರೂ ದನಿ ಎತ್ತಿದರೂ ನಾನು ದನಿ ಎತ್ತುವುದಿಲ್ಲ. ಎಲ್ಲರೂ ತಾಳ್ಮೆಯಿಂದ ಇದ್ದರೆ ತೋಟ ನಡೆಯುತ್ತದೆ. ನಿಮ್ಮ ಮೊದಲನೆಯ ಹುಡುಗನಿಗೆ ನಾನು ಹೇಳುವುದೂ ಇಷ್ಟೇ: ನಿನ್ನ ಪಕ್ಷ ಸರಿ, ಮುಷ್ಟಿ ತಪ್ಪು.

ಕರಿಮೆಣಸು (ಮನಶ್ಶಾಸ್ತ್ರ ವಿದ್ಯಾರ್ಥಿನಿ)

ಅಮ್ಮತ್ತಿಯ ಹಿರಿಯರಿಗೆ ನಮಸ್ಕಾರ. ಕೋವಿಯ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಾಡುವಂತಿಲ್ಲ. ಆದರೆ ಮಳೆಯನ್ನೂ ಕೂಲಿಯನ್ನೂ ನೀವು ಒಂದೇ ವಾಕ್ಯಸರಣಿಯಲ್ಲಿ ತಂದಿದ್ದೀರಿ, ಅದರ ಬಗ್ಗೆ ಬರೆಯಲೇಬೇಕೆನಿಸಿತು. ನಾನು ಸಿದ್ದಾಪುರದ ಕಡೆಯ ಲೈನ್ ಮನೆಯಲ್ಲಿ ಬೆಳೆದವಳು, ಈಗ ಮೈಸೂರಿನಲ್ಲಿ ಓದುತ್ತಿದ್ದೇನೆ.

ಅಲಿಸನ್ ಟ್ರಾಯ್, ಐರಿಸ್ ಮಾಸ್ ಮತ್ತು ಸಹಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಚರ್ಚೆಗೆ ನೇರವಾಗಿ ಸಂಬಂಧಿಸಿದೆ. ಕಷ್ಟದ ಅರ್ಥವನ್ನು ಮರುಚಿಂತಿಸಿ ಸಮಾಧಾನ ತಂದುಕೊಳ್ಳುವ ಸಾಮರ್ಥ್ಯ ಯಾವಾಗಲೂ ಒಳ್ಳೆಯದೇ ಎಂದು ಅವರು ಪರಿಶೀಲಿಸಿದರು. ಕಷ್ಟ ನಮ್ಮ ಕೈಮೀರಿದ್ದಾಗ ಆ ಸಾಮರ್ಥ್ಯ ಹೆಚ್ಚಿದ್ದವರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆಯಿದ್ದವು. ಕಷ್ಟವನ್ನು ಬದಲಿಸಲು ಸಾಧ್ಯವಿದ್ದಾಗ ಮಾತ್ರ ಫಲಿತಾಂಶ ತಿರುವುಮುರುವಾಯಿತು; ಆ ಸಾಮರ್ಥ್ಯ ಹೆಚ್ಚಿದ್ದವರಲ್ಲೇ ಖಿನ್ನತೆಯ ಲಕ್ಷಣಗಳು ಹೆಚ್ಚಾಗಿದ್ದವು. ಹೂಮಳೆಯ ಬಗ್ಗೆ ಮನಸ್ಸನ್ನು ಸಮಾಧಾನಪಡಿಸಿಕೊಳ್ಳುವುದು ಜಾಣತನ. ತಕ್ಕಡಿಯಲ್ಲಿ ತೂಕ ತಪ್ಪಾಗಿ ಬಿದ್ದರೆ, ಹೋಗಲಿ ಬಿಡು ಎಂದು ಸಮಾಧಾನ ಹೇಳಿಕೊಳ್ಳುವುದು ಜಾಣತನವಲ್ಲ, ಏಕೆಂದರೆ ತಕ್ಕಡಿಯನ್ನು ಸರಿಪಡಿಸಬಹುದು. ಬ್ರೆಟ್ ಫೋರ್ಡ್ ಮತ್ತು ಸಂಗಡಿಗರು ಅಮೆರಿಕದ 2016ರ ಚುನಾವಣೆಯ ನಂತರ ನಡೆಸಿದ ಅಧ್ಯಯನಗಳಲ್ಲೂ ಇಂತಹದೇ ಸಂಗತಿ ಕಂಡಿತ್ತು: ಬೇಸರವನ್ನು ಮರುಚಿಂತನೆಯಿಂದ ತಗ್ಗಿಸಿಕೊಂಡವರಿಗೆ ನೆಮ್ಮದಿಯೇನೋ ಸಿಕ್ಕಿತು, ಆದರೆ ಬದಲಾವಣೆಗಾಗಿ ಏನಾದರೂ ಮಾಡಬೇಕೆಂಬ ಉದ್ದೇಶವೂ ತಗ್ಗಿತು.

ತಾಳ್ಮೆಯನ್ನು ಯಾರಿಂದ ಕೇಳಲಾಗುತ್ತದೆ ಎಂಬುದನ್ನೂ ನೋಡಬೇಕು. ತೋಟದ ರೈಟರ್ (ಗುಮಾಸ್ತ) ಗದರಿದರೆ ಸುಮ್ಮನಿರು, ಮೇಸ್ತ್ರಿ ಗದರಿದರೆ ಸುಮ್ಮನಿರು ಎಂದೇ ನಮ್ಮನ್ನು ಬೆಳೆಸಿದರು. ಗದರುವವರಿಗೆ ಸುಮ್ಮನಿರಲು ಹೇಳಿದ್ದನ್ನು ನಾನು ಕೇಳಿದ್ದು ಕಡಿಮೆ. ಹಾಗೆ ನುಂಗಿದ್ದು ಎಲ್ಲಿಗೂ ಹೋಗುವುದಿಲ್ಲ. ಬಟವಾಡೆಯ ಸಂಜೆ ತೋಟದಲ್ಲಿ ನುಂಗಿದ ಅವಮಾನ ಲೈನ್ ಮನೆಯ ಒಳಗೆ ಹೆಂಡತಿಯ ಮೇಲೆ, ಮಗುವಿನ ಬೆನ್ನಿನ ಮೇಲೆ ಇಳಿಯುತ್ತದೆ. ಮೇಲಿನವರ ಮೇಲೆ ತೋರಿಸಲಾಗದ ಕೋಪ ಕೆಳಗಿನವರ ಮೇಲೆ ತಿರುಗುವುದನ್ನು ಮನಶ್ಶಾಸ್ತ್ರ ಬಹುಕಾಲದಿಂದ ದಾಖಲಿಸಿದೆ. ಹೆಂಗಸರಲ್ಲಿ ಅದು ತಲೆನೋವು, ಎದೆ ಭಾರ, ಮೈಕೈ ನೋವು ಎಂಬ ರೂಪದಲ್ಲಿ ಆಸ್ಪತ್ರೆಗೆ ಬರುತ್ತದೆ, ಮಾತ್ರೆ ಪಡೆದು ಹಿಂದಿರುಗುತ್ತದೆ.

ಈಗ ಹೋಂಸ್ಟೇಗಳು ಬಂದಿವೆ. ಅಲ್ಲಿ ಕೆಲಸಕ್ಕಿರುವ ನನ್ನ ಚಿಕ್ಕಮ್ಮನ ಮಗಳು ಅತಿಥಿ ಏನು ಅಂದರೂ ನಗುಮುಖದಲ್ಲಿರಬೇಕು. ಅಂತಹ ದುಡಿಮೆಯನ್ನು ಸಮಾಜಶಾಸ್ತ್ರಜ್ಞೆ ಆರ್ಲಿ ಹೊಕ್‌ಶೀಲ್ಡ್ ಅವರು 1983ರಲ್ಲೇ ವಿಮಾನ ಪರಿಚಾರಿಕೆಯರನ್ನು ಅಧ್ಯಯನ ಮಾಡಿ ವಿವರಿಸಿದ್ದರು: ಭಾವನೆಯೇ ಅಲ್ಲಿ ಕೂಲಿಯ ಭಾಗ. ಆ ನಗುವನ್ನು ಅವಳ ಒಳ್ಳೆಯತನವೆಂದು ಬರೆದಿಟ್ಟುಕೊಳ್ಳುವುದು ಅನುಕೂಲಸ್ಥರಿಗೆ ಸುಲಭ. ಟೀಚರ್ ಕೇಳಿದ ಮೊದಲನೆಯ ಹುಡುಗ ಎಲ್ಲಿಂದ ಬರುತ್ತಾನೋ ನನಗೆ ತಿಳಿಯದು. ಅಣಕ ಕಂಡು ಸಿಟ್ಟಾದವನಿಗೆ ತಾಳ್ಮೆಯ ಪಾಠ ಹೇಳುವ ಮೊದಲು ಅಣಕವನ್ನು ನಿಲ್ಲಿಸಿದ್ದೇವೆಯೇ ಎಂಬುದನ್ನು ಶಾಲೆ ಮೊದಲು ನೋಡಿಕೊಳ್ಳಲಿ.

ಸೋಮವಾರಪೇಟೆಯ ನಿವೃತ್ತ ಶುಶ್ರೂಷಕಿ

ಕೋಪದ ಮಾತೇ ಹೆಚ್ಚಾಯಿತು. ಮರುಕವನ್ನೂ ನಿಭಾಯಿಸಬೇಕಾಗುತ್ತದೆ ಎಂಬುದನ್ನು ನನ್ನ ಕಡೆಯಿಂದ ಸೇರಿಸುತ್ತೇನೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಮುಕ್ಕೋಡ್ಲು ಕಡೆಗಳಲ್ಲಿ ಗುಡ್ಡಗಳು ಜರಿದು, ಮನೆ ತೋಟಗಳನ್ನು ಕಳೆದುಕೊಂಡವರು ಪರಿಹಾರ ಕೇಂದ್ರಗಳಿಗೆ ಬಂದಾಗ ನಾನು ಸ್ವಯಂಸೇವೆಗೆ ಹೋಗಿದ್ದೆ. ಅಲ್ಲಿ ಸೇವೆಗೆ ಬಂದವರಲ್ಲಿ ಎರಡು ಬಗೆಯವರನ್ನು ಕಂಡೆ. ಕೆಲವರು ಪ್ರತಿಯೊಬ್ಬರ ಕಥೆಯನ್ನೂ ತಮ್ಮ ಮೈಮೇಲೆಯೇ ಎಳೆದುಕೊಂಡು ಅತ್ತರು, ನಿದ್ದೆಗೆಟ್ಟರು; ಬೇಗನೆ ಬರುವುದನ್ನೇ ನಿಲ್ಲಿಸಿದರು. ಅವರ ಹೃದಯ ದೊಡ್ಡದಾಗಿತ್ತು, ಆದರೆ ಕಂಬಳಿ ಹಂಚುವ ಹೊತ್ತಿಗೆ ಅವರಿರಲಿಲ್ಲ. ಇನ್ನು ಕೆಲವರು ಪಟ್ಟಿ ಹಿಡಿದು ಹೆಸರು ಕೂಗುತ್ತ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದರು. ಎದುರಿಗಿದ್ದ ಮುದುಕಿ ಕಾಗದಪತ್ರಗಳ ಜೊತೆಗೆ ಇನ್ನೇನನ್ನು ಕಳೆದುಕೊಂಡಿದ್ದಾಳೆಂದು ಮಾತ್ರ ಕೇಳಲಿಲ್ಲ. ಸಮಾಲೋಚಕರು ಮೇಲೆ ಹೇಳಿದ, ಕದ ಮುಚ್ಚಿಕೊಳ್ಳುವ ಮನಸ್ಸು ಇದೇ ಇರಬೇಕು. ಆಸ್ಪತ್ರೆಯ ವಾರ್ಡುಗಳಲ್ಲೂ ನಾನು ಈ ಎರಡನ್ನೂ ಬೇಕಾದಷ್ಟು ನೋಡಿದ್ದೇನೆ.

ಇವೆರಡರ ನಡುವೆ ಮೂರನೆಯ ದಾರಿಯಿದೆ, ಮತ್ತು ಅದನ್ನು ಕಲಿಸಬಹುದು. ಟಾನಿಯಾ ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ಅವರ ತಂಡ ಜನರಿಗೆ ಮೊದಲು ಇತರರ ನೋವನ್ನು ತಮ್ಮೊಳಗೆ ಅನುಭವಿಸುವ ತರಬೇತಿಯನ್ನೂ, ಆಮೇಲೆ ಕರುಣೆಯ ತರಬೇತಿಯನ್ನೂ, ಅಂದರೆ ನೊಂದವರಿಗೆ ಒಳಿತಾಗಲಿ ಎಂಬ ಬೆಚ್ಚಗಿನ ಹಾರೈಕೆಯ ಅಭ್ಯಾಸವನ್ನೂ ನೀಡಿತು. ಮೊದಲನೆಯದರ ನಂತರ ನೋವಿನ ದೃಶ್ಯಗಳನ್ನು ನೋಡಿದಾಗ ಸಂಕಟವೇ ಹೆಚ್ಚಿತು. ಎರಡನೆಯದರ ನಂತರ ಹಿತಕರ ಭಾವನೆಗಳು ಮರಳಿದವು, ಮಿದುಳಿನಲ್ಲಿ ಚುರುಕಾದ ಭಾಗಗಳೂ ಬೇರೆಯಾಗಿದ್ದವು. ಈ ಸಂಶೋಧನೆಯಲ್ಲಿ ಬೌದ್ಧ ಭಿಕ್ಷು ಮಾತ್ಯೂ ರಿಕಾರ್ ಅವರೂ ಪಾಲ್ಗೊಂಡಿದ್ದರು. ಕುಶಾಲನಗರದಿಂದ ಕಾವೇರಿ ದಾಟಿದರೆ ಬೈಲುಕುಪ್ಪೆ. 1960ರ ದಶಕದಿಂದ ಅಲ್ಲಿ ನೆಲೆಸಿರುವ ಟಿಬೆಟಿನ ಭಿಕ್ಷುಗಳು ಇಂತಹ ಅಭ್ಯಾಸವನ್ನು ನಿತ್ಯವೂ ಮಾಡುತ್ತಾರೆ. ನಾವು ಅಲ್ಲಿಗೆ ಮೊಮೊ ತಿನ್ನಲು ಮತ್ತು ಫೋಟೊ ತೆಗೆಯಲು ಹೋಗಿ ಬರುತ್ತೇವೆ.

ಮೇಡಂ, ನಿಮ್ಮ ಮಕ್ಕಳಲ್ಲಿ ಯಾರಾದರೂ ಅತಿಯಾಗಿ ಮರುಗುವವರಿದ್ದರೆ ಅವರಿಗೆ ಮಾಡಲು ಸಣ್ಣದೊಂದು ಕೆಲಸ ಕೊಡಿ. ಅಳುವ ಗೆಳತಿಗೆ ನೀರು ತಂದುಕೊಡುವುದಾದರೂ ಸಾಕು. ಕೈಗೆ ಕೆಲಸ ಸಿಕ್ಕ ಮರುಕ ಮನಸ್ಸನ್ನು ಅಷ್ಟಾಗಿ ದಣಿಸುವುದಿಲ್ಲ ಎಂಬುದು ನನ್ನ ವೃತ್ತಿಯ ಅನುಭವ.

ಅಮ್ಮತ್ತಿ ಬೆಳೆಗಾರ

ಮೈಸೂರಿನಲ್ಲಿ ಓದುತ್ತಿರುವ ತಂಗಿಗೆ: ಮಳೆ ಬೇರೆ, ತಕ್ಕಡಿ ಬೇರೆ ಎಂಬ ಮಾತು ಸರಿಯಾಗಿದೆ. ನನ್ನ ತೋಟದಲ್ಲಿ ತೂಕ ಹಾಕುವಾಗ ಕೊಯ್ದವರು ನಿಂತು ನೋಡುತ್ತಾರೆ, ಹಾಗಾಗಿ ಆ ಜಗಳ ಕಡಿಮೆ. ಗ್ರಾಸ್ ಅವರ ಮಾದರಿಯಲ್ಲಿ ಇದನ್ನು ಸನ್ನಿವೇಶ ಬದಲಿಸುವುದು ಎನ್ನಬಹುದೇನೋ. ಆದರೆ ದನಿ ಎತ್ತುವುದಕ್ಕೂ ಕೈ ಎತ್ತುವುದಕ್ಕೂ ನಡುವಿನ ಗೆರೆಯನ್ನು ಮಕ್ಕಳಿಗೆ ಯಾರು, ಯಾವಾಗ ತೋರಿಸುತ್ತಾರೆ ಎಂಬ ನನ್ನ ಪ್ರಶ್ನೆ ಹಾಗೆಯೇ ಇದೆ. ಆ ಗೆರೆಯನ್ನು ಕೋಪ ಬಂದ ಕ್ಷಣದಲ್ಲಿ ಕಲಿಯಲಾಗುವುದಿಲ್ಲ.

ಹಾರಂಗಿ ದಂಡೆ

ಎಲ್ಲರಿಗೂ ಕೃತಜ್ಞತೆಗಳು. ಒಂದು ಸಂಗತಿ ತುರ್ತಾಗಿದೆ. ಅಣಕವನ್ನು ಏರ್ಪಡಿಸಿದ ಹುಡುಗನನ್ನು ಬೆಳಗಿನ ಪ್ರಾರ್ಥನೆಯ ವೇಳೆ ಎಲ್ಲರೆದುರು ನಿಲ್ಲಿಸಿ ಕ್ಷಮೆ ಕೇಳಿಸಬೇಕೆಂದು ಸಹೋದ್ಯೋಗಿಗಳು ಸೂಚಿಸಿದ್ದಾರೆ. ನಾಚಿಕೆಯಾದರೆ ಬುದ್ಧಿ ಬರುತ್ತದೆ ಎಂಬುದು ಅವರ ವಾದ. ನನಗೆ ಮನಸ್ಸಿಲ್ಲ, ಆದರೆ ಎದುರು ವಾದವೂ ಹೊಳೆಯುತ್ತಿಲ್ಲ. ಮುಷ್ಟಿ ಬಿಗಿಯುವವನಿಗೆ ಏನು ಹೇಳಲಿ?

ಸ್ಟುವರ್ಟ್ ಹಿಲ್

ಮೇಡಂ, ಎಲ್ಲರೆದುರು ನಿಲ್ಲಿಸಬೇಡಿ. ಎದುರು ವಾದವನ್ನು ಜೂನ್ ಟ್ಯಾಂಗ್ನಿ ಅವರ ಸಂಶೋಧನೆ ಒದಗಿಸುತ್ತದೆ. ತಪ್ಪು ಮಾಡಿದಾಗ ಮನುಷ್ಯನಿಗೆ ಎರಡು ರೀತಿಯ ನೋವು ಆಗಬಹುದು. ನಾನು ಮಾಡಿದ ಕೆಲಸ ಕೆಟ್ಟದ್ದು ಎನಿಸುವುದು ಒಂದು, ನಾನೇ ಕೆಟ್ಟವನು ಎನಿಸುವುದು ಇನ್ನೊಂದು. ಮೊದಲನೆಯದು ಇತರರ ನೋವಿನ ಕಡೆಗೆ ಗಮನ ಸೆಳೆಯುತ್ತದೆ, ಸರಿಪಡಿಸುವ ಬಯಕೆಯನ್ನು ಹುಟ್ಟಿಸುತ್ತದೆ. ಎರಡನೆಯದು ಮುಖ ಮರೆಸಿಕೊಳ್ಳಲು, ಇಲ್ಲವೇ ಬೇರೆಯವರ ಮೇಲೆ ದೂರು ಹೊರಿಸಿ ಸಿಟ್ಟಾಗಲು ಪ್ರೇರೇಪಿಸುತ್ತದೆ. ಖಿನ್ನತೆ, ಆತಂಕಗಳೊಂದಿಗೂ ಅದಕ್ಕೆ ನಂಟಿದೆ. ಇನ್ನೂರು ಮಕ್ಕಳ ಎದುರು ಕ್ಷಮೆ ಕೇಳಿಸಿಕೊಂಡ ಹುಡುಗನ ತಲೆಯಲ್ಲಿ ಉಳಿಯುವುದು ಅಣಕಕ್ಕೊಳಗಾದವನ ಮುಖವಲ್ಲ, ತನ್ನನ್ನು ನೋಡಿ ನಕ್ಕವರ ಮುಖಗಳು. ತಣ್ಣಗಿರುವುದನ್ನು ಅವನು ಇನ್ನಷ್ಟು ಚೆನ್ನಾಗಿ ಕಲಿಯುತ್ತಾನೆ.

ಅವನನ್ನು ಒಬ್ಬನನ್ನೇ ಕರೆದು ಮಾತಾಡಿಸಿ. ಅವನ ಸ್ವಭಾವದ ಬಗ್ಗೆ ತೀರ್ಪು ಕೊಡದೆ, ಆ ದಿನ ಆದದ್ದನ್ನು ಅಣಕಕ್ಕೊಳಗಾದವನ ಕಡೆಯಿಂದ ಹೇಳುವಂತೆ ಕೇಳಿ. ಹೇಳಲು ಬಾರದಿದ್ದರೆ ಕಾಯಿರಿ. ಮೌನ ತುಂಬಲು ನೀವೇ ಉತ್ತರ ಹೇಳಿಕೊಡಬೇಡಿ. ನಂತರ ಸರಿಪಡಿಸುವ ಕೆಲಸವೊಂದನ್ನು ಅವನೇ ಆರಿಸಲಿ, ಅದು ಆ ಇನ್ನೊಬ್ಬ ಹುಡುಗನಿಗೂ ಒಪ್ಪಿಗೆಯಾಗಬೇಕು. ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ: ತಣ್ಣಗೆ ಕಾಣುವ ಮಕ್ಕಳೆಲ್ಲ ಒಳಗೂ ತಣ್ಣಗಿರುವುದಿಲ್ಲ. ಮನೆಯಲ್ಲಿ ಹೊಡೆತ ಬಿದ್ದಾಗ ಮುಖದಲ್ಲಿ ಏನನ್ನೂ ತೋರಿಸದಿರುವುದನ್ನು ಕಲಿತ ಮಕ್ಕಳೂ ಹೀಗೆಯೇ ಕಾಣುತ್ತಾರೆ. ಒಂದು ಸಂಭಾಷಣೆಯಲ್ಲಿ ಇದು ತಿಳಿಯುವುದಿಲ್ಲ.

ಮೊದಲನೆಯವನ ವಿಷಯದಲ್ಲಿ ಬೆಳೆಗಾರರ ಮಾತು ಸರಿಯಾದ ಜಾಗಕ್ಕೆ ಬಂದಿದೆ: ಗೆರೆಯನ್ನು ಕೋಪವಿಲ್ಲದ ಹೊತ್ತಿನಲ್ಲಿ ಎಳೆಯಬೇಕು. ಅವನ ಸಿಟ್ಟಿನ ಕಾರಣವನ್ನು ಮೊದಲು ಒಪ್ಪಿಕೊಳ್ಳಿ, ನಿನಗೆ ಹಾಗನ್ನಿಸಿದ್ದು ಸರಿಯೆಂದು ಬಾಯಿಬಿಟ್ಟು ಹೇಳಿ. ಹಾಗೆ ಹೇಳದೆ ಉಸಿರು ಎಣಿಸಲು ಕಲಿಸಿದರೆ ಅವನಿಗೆ ಅದು ಬಾಯಿಮುಚ್ಚಿಸುವ ಉಪಾಯದಂತೆಯೇ ಕೇಳಿಸುತ್ತದೆ. ಆಮೇಲೆ ಕೋಪ ಏರುವ ಮೊದಲಿನ ಹಂತಗಳಲ್ಲಿ ಅವನಿಂದ ಏನು ಸಾಧ್ಯವೆಂದು ಇಬ್ಬರೂ ಕೂತು ಯೋಚಿಸಿ. ಅಣಕ ಶುರುವಾದಾಗ ಗೆಳೆಯನ ಪಕ್ಕಕ್ಕೆ ಹೋಗಿ ನಿಲ್ಲುವುದು, ಅವನನ್ನು ಅಲ್ಲಿಂದ ಕರೆದುಕೊಂಡು ಹೊರಡುವುದು, ಅಣಕಿಸುವವರಿಗೆ ಹೇಳಬೇಕಾದ ಒಂದೇ ವಾಕ್ಯವನ್ನು ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳುವುದು, ನಿಮ್ಮ ಬಳಿಗೆ ಬರುವುದು. ಬಂದಾಗ ನೀವು ಏನಾದರೂ ಮಾಡಲೇಬೇಕು. ದೂರು ಹೇಳಿ ಫಲವಿಲ್ಲವೆಂದು ಒಮ್ಮೆ ಅನುಭವವಾದರೆ ಮುಷ್ಟಿಯೇ ಉಳಿಯುತ್ತದೆ, ಮತ್ತು ಅದಕ್ಕೆ ಅವನೊಬ್ಬನನ್ನೇ ದೂರುವಂತಿಲ್ಲ.

ಇಬ್ಬರಲ್ಲಿ ಯಾರಿಗಾದರೂ ನಿದ್ದೆ, ಊಟ ಕೆಟ್ಟಿದ್ದರೆ, ಹಠಾತ್ತನೆ ಎಲ್ಲರಿಂದ ದೂರ ಸರಿದರೆ, ತನಗೆ ತಾನೇ ನೋವು ಮಾಡಿಕೊಳ್ಳುವ ಮಾತಾಡಿದರೆ, ಅದು ಮೌಲ್ಯಶಿಕ್ಷಣದ ಅವಧಿಯಲ್ಲಿ ಮುಗಿಯುವ ವಿಷಯವಲ್ಲ. ಮಡಿಕೇರಿಯ ಬೋಧಕ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಪೋಷಕರ ಜೊತೆ ಕಳುಹಿಸಿ. ದೂರದ ಊರಿನವರಾದರೆ, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಮಗುವಿನ ಪರವಾಗಿ ಶಿಕ್ಷಕರೂ ಕರೆ ಮಾಡಿ ಸಲಹೆ ಕೇಳಬಹುದು.